ನಗರದಿಂದ ಬೆಟ್ಟಕ್ಕೆ ಒಂದು ದಿನ

ಬೆಂಗಳೂರಿನ ನಿವಾಸಿಗಳಿಗೆ ಒಂದು ಭಾಗ್ಯವುಂಟು. ಕೋಳಿ ಕೂಗುವ ಹೊತ್ತಿಗೆ ಮನೆಯನ್ನು ಬಿಟ್ಟರೆ ಎರಡು ಗಂಟೆಗಳೊಳಗಾಗಿ ಅವರು ಒಂದು ಬೆಟ್ಟದ ಬುಡದಲ್ಲಿ ನಿಂತಿರಬಹುದು. ಹತ್ತಿ, ನೋಡಿ, ಇಳಿದು, ದೀಪ ಹಚ್ಚುವ ವೇಳೆಗೆ ಮರಳಿ ಮನೆಯನ್ನು ಸೇರಬಹುದು. ಉತ್ತರಕ್ಕೆ ನಂದಿ, ವಾಯವ್ಯಕ್ಕೆ ಶಿವಗಂಗೆ, ಪಶ್ಚಿಮಕ್ಕೆ ಸಾವನದುರ್ಗ, ನೈರುತ್ಯಕ್ಕೆ ರಾಮನಗರದ ಬಂಡೆಗಳು, ಪೂರ್ವಕ್ಕೆ ಕೋಲಾರದ ಅಂತರಗಂಗೆ. ಹೀಗೆ ದಿಕ್ಕಿಗೊಂದರಂತೆ ಕಲ್ಲಿನ ಬೆಟ್ಟಗಳು ನಗರವನ್ನು ಕಾದುಕೊಂಡಿವೆ. ಈ ಬೆಟ್ಟಗಳಿಗೆ ಭಾನುವಾರಗಳಂದು ಹತ್ತು ಹನ್ನೆರಡು ಮಂದಿ ಒಂದು ತಂಡವಾಗಿ, ಬಲ್ಲವನೊಬ್ಬನನ್ನು ಮುಂದಿಟ್ಟುಕೊಂಡು, ಅವನಿಗೆ ತಕ್ಕ ಶುಲ್ಕವನ್ನು ಕೊಟ್ಟು ಹೋಗಿಬರುವ ಪದ್ಧತಿ ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ.

ಇದನ್ನು ಕಂಡು ನಗುವ ಹಿರಿಯರೂ ಇದ್ದಾರೆ. “ಬೆಟ್ಟ ಹತ್ತುವುದಕ್ಕೂ ಒಬ್ಬ ಗುರು ಬೇಕೆ? ನಮ್ಮ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು ಐವತ್ತು ಮಂದಿ ಹೋಗಿ ಬರುತ್ತಿರಲಿಲ್ಲವೆ?” ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ. ಮಾರ್ಗದರ್ಶಿಯ ಅವಶ್ಯಕತೆಯೇನು, ತಂಡವು ಚಿಕ್ಕದಾಗಿರಬೇಕೆಂಬ ನಿಯಮವೇಕೆ, ಎಂಬ ಎರಡು ವಿಷಯಗಳನ್ನು ನಾವು ಸಾವನದುರ್ಗವನ್ನು ಉದಾಹರಣೆಯಾಗಿಟ್ಟುಕೊಂಡು ಈ ಹೊತ್ತು ವಿಚಾರ ಮಾಡೋಣ.

ಸಾವನದುರ್ಗವು ಮಾಗಡಿಯ ಸೀಮೆಯಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ಸಮುದ್ರಮಟ್ಟದಿಂದ ಅದರ ಎತ್ತರ 1226 ಮೀಟರು, ಎಂದರೆ ನಾಲ್ಕು ಸಾವಿರ ಅಡಿಗೆ ತುಸು ಮೇಲು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಬೃಹತ್ತಾದ ಬಂಡೆಗಳು ಒಂದರ ಪಕ್ಕದಲ್ಲೊಂದು ಎದ್ದು ನಿಂತಿವೆ. ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಮಾಗಡಿಯ ಕೆಂಪೇಗೌಡರ ವಂಶದವರಿಗೆ ಆಶ್ರಯವಾಗಿದ್ದ ಈ ದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲೀಸನ ಸೈನ್ಯವು ಟಿಪ್ಪುಸುಲ್ತಾನನಿಂದ ಕಿತ್ತುಕೊಂಡಿತು. ಚರಿತ್ರೆ ಇಷ್ಟು ಸಾಕು. ಇಂದು ನಮಗೆ ಬೇಕಾದದ್ದು ಕಲ್ಲಿನ ಸಮಾಚಾರ.

ಲಾಲ್‌ಬಾಗಿನೊಳಗಣ ಬಂಡೆಯನ್ನು ತುಳಿಯದ ಬೆಂಗಳೂರಿಗರು ವಿರಳ. ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಂಥ ಪುರಾತನವಾದ ಶಿಲೆಯ ನಡುವೆ, ಇಂದಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ, ಭೂಗರ್ಭದ ಕರಗಿದ ದ್ರವವು ನುಗ್ಗಿ, ಆಳದಲ್ಲಿಯೇ ಮೆಲ್ಲಮೆಲ್ಲನೆ ತಣಿದು ಕಣಶಿಲೆಯಾಯಿತು. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಆ ಪಟ್ಟಿಗೆ, ರಾಮನಗರದ ಹಳೆಯ ಹೆಸರನ್ನನುಸರಿಸಿ, ಕ್ಲೋಸ್‌ಪೇಟೆಯ ಗ್ರಾನೈಟು ಎಂದು ಹೆಸರು. ಸಾವನದುರ್ಗವೂ ರಾಮನಗರದ ಬೆಟ್ಟಗಳೂ ಅದರ ಭಾಗಗಳೇ. ಮೇಲಿನ ನೆಲವೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಿ, ಅದುಮಿಕೊಂಡಿದ್ದ ಭಾರವು ಇಳಿದುದರಿಂದ ಕಲ್ಲು ತುಸು ಹಿಗ್ಗಿ, ಈರುಳ್ಳಿಯ ಪದರಗಳಂತೆ ಹೊರಮೈಯಿಂದ ಪದರಪದರವಾಗಿ ಬಿಟ್ಟುಕೊಳ್ಳುತ್ತ ಬಂದಿದೆ. ಬೆಟ್ಟವು ಬೋರಲು ಹಾಕಿದ ಬಾಣಲೆಯಂತೆ ಗುಂಡಗೆ ಕಾಣುವುದಕ್ಕೆ ಇದೇ ಕಾರಣ.

ಈ ಗುಂಡಾದ ಆಕಾರದಲ್ಲಿಯೇ ಅಪಾಯವು ಅಡಗಿದೆ. ಶ್ರೋತೃಗಳು ಇದನ್ನು ಸಾವಧಾನದಿಂದ ಲಕ್ಷಿಸಬೇಕೆಂದು ಕೋರುತ್ತೇವೆ. ಬೋರಲು ಬಾಣಲೆಯ ಅಂಚಿನಿಂದ ಹೊರಟ ಇರುವೆಗೆ ಮೊದಲಲ್ಲಿ ಕಡಿದಾದ ಏರು. ಮೇಲೆ ಹೋದಂತೆಲ್ಲ ದಾರಿ ಸುಲಭ. ಅದೇ ಇರುವೆ ನೆತ್ತಿಯಿಂದ ಇಳಿಯತೊಡಗಿದರೆ ಮೊದಲು ಸಮತಲದಂತೆ ತೋರಿ, ಹೆಜ್ಜೆ ಹೆಜ್ಜೆಗೂ ಇಳಿಜಾರು ಹೆಚ್ಚುತ್ತ ಹೋಗುತ್ತದೆ. ನೆತ್ತಿಯ ಮೇಲೆ ನಿಂತವನಿಗೆ ಬುಡವು ಕಾಣಿಸುವುದಿಲ್ಲ, ಕಾಣಿಸುವುದು ದೂರದ ಬಯಲು ಮಾತ್ರ. ನಡುವೆ ಇರುವ ಪ್ರಪಾತವನ್ನು ಬಂಡೆಯ ಉಬ್ಬು ಮರೆಮಾಡಿರುತ್ತದೆ. ಮಣ್ಣಿನ ಬೆಟ್ಟದಲ್ಲಾದರೆ ಕಾಲುದಾರಿಯೊಂದು ಸವೆದಿರುತ್ತದೆ. ಬರಿಯ ಬಂಡೆಯ ಮೇಲೆ ಸಾವಿರ ಜನ ನಡೆದರೂ ಹೆಜ್ಜೆಯ ಗುರುತು ಉಳಿಯದು. ಆದುದರಿಂದ ಶಿಖರದ ನಂದಿಮಂಟಪದ ಬಳಿ ಇಪ್ಪತ್ತು ಮಾರು ಪಕ್ಕಕ್ಕೆ ಸರಿದು ಇಳಿಯಲು ತೊಡಗಿದವನು ಅರ್ಧ ಗಂಟೆಯ ಮೇಲೆ ಹತ್ತಲೂ ಆಗದ, ಇಳಿಯಲೂ ಆಗದ ಜಾಗದಲ್ಲಿ ಸಿಕ್ಕಿಕೊಳ್ಳಬಹುದು. ಹತ್ತುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ಇಳಿಯುವಾಗ ಮೊಣಕಾಲು ಸೋತು, ಬಾಯಾರಿ, ಮನಸ್ಸು ಆಗಲೇ ಮನೆಯ ಕಡೆಗೆ ತಿರುಗಿರುವಾಗ ಅನರ್ಥವು ಸಂಭವಿಸುವುದು ಹೆಚ್ಚು.

ಇನ್ನೊಂದು ಸಂಗತಿ. ಬಂಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಮಸಿಯನ್ನು ಸುರಿದಂತೆ ಕಪ್ಪು ಪಟ್ಟೆಗಳಿರುವುದನ್ನು ನೋಡಿರಬಹುದು. ಅವು ಕಲ್ಲಿನ ಬಣ್ಣವಲ್ಲ. ಮಳೆಯ ನೀರು ಹರಿಯುವ ಜಾಡಿನಲ್ಲಿ ಬೆಳೆಯುವ ಅತಿ ಸೂಕ್ಷ್ಮವಾದ ಜೀವಿಗಳ ಪೊರೆಗಳು. ಬೇಸಗೆಯಲ್ಲಿ ಒಣಗಿ ಸತ್ತಂತಿದ್ದು, ನಾಲ್ಕು ಹನಿ ಬಿದ್ದೊಡನೆ ಅವು ಜೀವ ತಳೆಯುತ್ತವೆ. ಆಗ ಅವುಗಳ ಮೇಲೆ ಕಾಲಿಟ್ಟರೆ ಸಾಬೂನಿನ ಮೇಲೆ ಇಟ್ಟಂತೆಯೇ ಸರಿ. ಒಣಗಿದ ದಿನ ಮಕ್ಕಳೂ ಓಡಿಯಾಡುವ ಬಂಡೆಯು ಹತ್ತು ನಿಮಿಷದ ಮಳೆಯಿಂದ ಪ್ರಾಣಾಂತಿಕವಾಗುವುದು ಹೀಗೆ. ಮೋಡ ಕವಿದಾಗ ಒಳ್ಳೆಯ ಮಾರ್ಗದರ್ಶಿಯು, ಶಿಖರವು ಕಣ್ಣೆದುರಿಗೇ ಇದ್ದರೂ, ತಂಡವನ್ನು ಹಿಂದಕ್ಕೆ ತಿರುಗಿಸುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಅವನಿಗೆ ಕೊಡುವ ಶುಲ್ಕದ ಬಹುಭಾಗವು ಈ ಒಂದು ಮಾತಿಗೆ ಸಲ್ಲತಕ್ಕದ್ದು. ದಾರಿಯನ್ನು ತೋರಿಸುವವರು ಊರಿಗೆ ಹತ್ತು ಮಂದಿ ಸಿಕ್ಕಾರು. ಹಣ ಕೊಟ್ಟು ಬಂದ ಹನ್ನೆರಡು ಮಂದಿಗೆ “ಇಂದು ಬೇಡ” ಎಂದು ಹೇಳಬಲ್ಲವನು ದುರ್ಲಭ.

ಇನ್ನು ಸಂಖ್ಯೆಯ ವಿಚಾರ. ಇದು ಬರಿಯ ಲೆಕ್ಕದ ಮಾತು. ಬೆಟ್ಟದ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯಬೇಕಷ್ಟೆ. ಇಬ್ಬರ ನಡುವೆ ಮೂರು ಗಜ ಬಿಟ್ಟರೆ, ಹತ್ತು ಮಂದಿಯ ಸಾಲು 27 ಗಜ ಉದ್ದವಾಗುತ್ತದೆ. ಮುಂದಿನವನು ಸಹಜವಾದ ಧ್ವನಿಯಲ್ಲಿ ಆಡಿದ ಮಾತು ಕೊನೆಯವನಿಗೆ ಕೇಳಿಸುತ್ತದೆ, ಹಿಂದಿರುಗಿ ನೋಡಿದರೆ ಎಲ್ಲರೂ ಕಾಣಿಸುತ್ತಾರೆ. ನಲವತ್ತು ಮಂದಿಯಾದರೆ ಸಾಲು 117 ಗಜ. ಒಂದು ತಿರುವು ಬಂದರೆ ಅರ್ಧ ತಂಡವು ಕಣ್ಮರೆ. ಅದಕ್ಕಿಂತಲೂ ಕ್ರೂರವಾದದ್ದು ವಿಶ್ರಾಂತಿಯ ಲೆಕ್ಕ. ದೊಡ್ಡ ತಂಡದಲ್ಲಿ ಬಲಿಷ್ಠರು ಮುಂದೆ ಹೋಗಿ ಮರದ ನೆರಳಿನಲ್ಲಿ ಹತ್ತು ನಿಮಿಷ ಕುಳಿತಿರುತ್ತಾರೆ. ಕಟ್ಟಕಡೆಯಲ್ಲಿ ಏದುತ್ತ ಬಂದವರು ಅವರನ್ನು ಮುಟ್ಟಿದ ಕೂಡಲೆ, “ಸರಿ, ಎಲ್ಲರೂ ಬಂದಂತಾಯಿತು, ಹೊರಡೋಣ” ಎಂದು ಎದ್ದುಬಿಡುತ್ತಾರೆ. ವಿಶ್ರಾಂತಿಯು ಯಾರಿಗೆ ಬೇಡವೋ ಅವರಿಗೆ ದೊರೆತು, ಯಾರಿಗೆ ಬೇಕೋ ಅವರಿಗೆ ದೊರೆಯದೆ ಹೋಗುತ್ತದೆ. ಐವತ್ತು ದಾಟಿದ ಗೃಹಸ್ಥರೂ ನಡೆದು ಅಭ್ಯಾಸವಿಲ್ಲದ ಗೃಹಿಣಿಯರೂ “ಬೆಟ್ಟವು ನಮ್ಮಂಥವರಿಗಲ್ಲ” ಎಂದು ನಿರ್ಧರಿಸಿ ಮನೆಗೆ ಮರಳುವುದು ಇದರಿಂದ. ತಪ್ಪು ಅವರ ಕಾಲುಗಳದ್ದಲ್ಲ, ಸಾಲಿನದು.

ಬಲ್ಲ ಮಾರ್ಗದರ್ಶಿಯು ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ತನ್ನ ಬೆನ್ನ ಹಿಂದೆಯೇ, ಎರಡನೆಯವರಾಗಿ ಇರಿಸಿಕೊಳ್ಳುತ್ತಾನೆ. ಅವರ ಉಸಿರನ್ನು ಕೇಳುತ್ತ ತನ್ನ ಹೆಜ್ಜೆಯನ್ನು ಅಳೆಯುತ್ತಾನೆ. ಮಾತನಾಡುತ್ತ ನಡೆಯಲಾಗದಷ್ಟು ವೇಗವು ಅವನ ಮತದಲ್ಲಿ ಹೆಚ್ಚಿನ ವೇಗ. ಕಟ್ಟಕಡೆಗೆ ದಾರಿಯನ್ನು ಬಲ್ಲ ಮತ್ತೊಬ್ಬನು ಬರುತ್ತಾನೆ, ಅವನ ಹಿಂದೆ ಯಾರೂ ಇರಕೂಡದು. ಯಾರಿಗಾದರೂ ಕಾಲು ಉಳುಕಿದರೆ ಒಬ್ಬನು ಅವರ ಬಳಿ ಉಳಿದು, ಇನ್ನೊಬ್ಬನು ಮಿಕ್ಕವರನ್ನು ಇಳಿಸಬಹುದು. ಹತ್ತು ಹನ್ನೆರಡು ಮಂದಿಯ ತಂಡದಲ್ಲಿ ಇದೆಲ್ಲ ಸಾಧ್ಯ. ನಲವತ್ತರಲ್ಲಿ ಸಾಧ್ಯವೆಂದು ಹೇಳುವವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ.

ಗುಂಪು ಮಿತಿಮೀರಿದರೆ ಆಗುವುದೇನೆಂಬುದಕ್ಕೆ ಈಚಿನ ನಿದರ್ಶನವಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಂದು, ಕುಕ್ಕೆಯ ಮೇಲಣ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ಮುತ್ತಿ, ಕಾಡಿನ ಕಿರುದಾರಿಯು ಜಾತ್ರೆಯ ಬೀದಿಯಂತಾಯಿತು. ಅದರ ತರುವಾಯ ಅರಣ್ಯ ಇಲಾಖೆಯು ಚಾರಣಗಳಿಗೆ ತಡೆಯೊಡ್ಡಿ, ಮುಂಗಡವಾಗಿ ಅಂತರಜಾಲದ ಮೂಲಕ ಚೀಟಿ ಪಡೆದವರಿಗೆ ಮಾತ್ರ, ಮಿತವಾದ ಸಂಖ್ಯೆಯಲ್ಲಿ ಪ್ರವೇಶವೆಂಬ ಕ್ರಮವನ್ನು ತಂದಿತು. ಇದರಿಂದ ಗೊಣಗಿದವರು ಬಹಳ. ನಮಗೇನೋ ಇದು ಸರಿಯಾಗಿಯೇ ತೋರುತ್ತದೆ.

ಇಷ್ಟನ್ನು ಕೇಳಿ ಬೆಟ್ಟವೆಂದರೆ ಬರಿಯ ಅಪಾಯದ ತಾಣವೆಂದು ಯಾರೂ ಹೆದರಬೇಕಾಗಿಲ್ಲ. ಪ್ರಾಣರಕ್ಷಣೆಯು ಮಾರ್ಗದರ್ಶಿಯ ಅರ್ಧ ಕೆಲಸ. ಕಣ್ಣು ತೆರೆಸುವುದು ಉಳಿದರ್ಧ. ತಂಡವು ಚಿಕ್ಕದಾಗಿದ್ದರೆ ಒಂದು ಅಂಗೈಯಗಲದ ವಸ್ತುವಿನ ಸುತ್ತಲೂ ಎಲ್ಲರೂ ಬಾಗಿ ನಿಂತು ನೋಡಬಹುದು. ಕಲ್ಲಿನ ಮೇಲೆ ಬೂದು, ಹಸುರು, ಕಿತ್ತಿಳೆ ಬಣ್ಣಗಳ ಚಕ್ಕೆಗಳಿರುತ್ತವಲ್ಲವೆ? ಇವೂ, ನಮ್ಮ ಅಡಿಗೆಮನೆಯ ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವೂ ಒಂದೇ ಬಳಗದವು. ಶಿಲೀಂಧ್ರವೊಂದು ಪಾಚಿಯೊಂದರೊಡನೆ ಕೂಡಿ ಸಂಸಾರ ಹೂಡಿರುವುದೇ ಈ ಚಕ್ಕೆ. ಮೊದಲನೆಯದು ಮನೆಯನ್ನು ಕಟ್ಟುತ್ತದೆ, ಎರಡನೆಯದು ಬಿಸಿಲಿನಿಂದ ಅನ್ನವನ್ನು ಮಾಡುತ್ತದೆ. ಇದರ ಬೆಳವಣಿಗೆ ಅತ್ಯಂತ ನಿಧಾನ. ತೋರಮುದ್ರೆಯುಂಗುರದಷ್ಟು ಅಗಲದ ಒಂದು ಚಕ್ಕೆಯು ಎಷ್ಟೋ ವರ್ಷಗಳ ದುಡಿಮೆ. ಅದರ ಮೇಲೆ ತಮ್ಮ ಹೆಸರನ್ನು ಕೆತ್ತುವ ಪುಣ್ಯಾತ್ಮರ ವಿಷಯವಾಗಿ ನಾವೇನೂ ಹೇಳಲಾರೆವು.

ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತು ದೊಣೆಗಳಾಗುತ್ತವೆ. ನಾಲ್ಕು ತಿಂಗಳಲ್ಲಿ ಒಣಗಿಹೋಗುವ ಆ ನೀರಿನಲ್ಲಿ ಕಪ್ಪೆಗಳು ತತ್ತಿಯಿಟ್ಟು, ಮರಿಗಳು ಬಾಲ ಕಳೆದು ಕಾಲು ಪಡೆದು, ನೀರು ಬತ್ತುವುದರೊಳಗಾಗಿ ನೆಲವನ್ನು ಸೇರಬೇಕು. ಅಂಥ ದೊಣೆಯಲ್ಲಿ ಎಂಜಲು ಕೈಯನ್ನು ತೊಳೆಯುವುದು ಸಣ್ಣ ಅಪರಾಧವಲ್ಲ. ಮಾಘ ಫಾಲ್ಗುಣಗಳಲ್ಲಿ ಹೋದರೆ ಎಲೆಯೊಂದೂ ಇಲ್ಲದ ಅರಿಶಿನ ಬೂರುಗದ ಕೊಂಬೆಗಳ ಮೇಲೆ ದೊಡ್ಡ ಹಳದಿ ಹೂಗಳು ಅರಳಿರುತ್ತವೆ. ಬಂಡೆಗಳ ನಡುವಣ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವು ವಾಸಿಸುತ್ತದೆ. ಊರಿನ ತೋಟಗಳ ಕೆಂಪುಬಾಲದ ಪಿಕಳಾರದ ದಾಯಾದಿಯಾದ ಇದು ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲ. ಬಹು ನಾಚಿಕೆಯ ಹಕ್ಕಿ. ಹತ್ತು ಮಂದಿ ಐದು ನಿಮಿಷ ಸುಮ್ಮನೆ ನಿಂತರೆ ದರ್ಶನ ಕೊಟ್ಟೀತು, ನಲವತ್ತು ಮಂದಿಗೆ ಖಂಡಿತ ಕೊಡದು.

ಬಂಡೆಯ ಚಾಚಿನ ಕೆಳಗೆ ತೂಗುವ ಹೆಜ್ಜೇನಿನ ಹುಟ್ಟುಗಳನ್ನು ದೂರದಿಂದಲೇ ನೋಡಿ ಮುಂದೆ ಸಾಗತಕ್ಕದ್ದು. ಹೊಗೆ, ಕೂಗಾಟ, ತೀಕ್ಷ್ಣವಾದ ಸುಗಂಧದ್ರವ್ಯ, ಇವು ಮೂರೂ ಅಲ್ಲಿ ವರ್ಜ್ಯ. ಮಾಗಡಿ ರಾಮನಗರಗಳ ಕಾಡುಗಳಲ್ಲಿ ಕರಡಿಗಳೂ ಚಿರತೆಗಳೂ ಉಂಟು. ಕರಡಿಯು ಸಂಜೆಯಿಂದ ಮುಂಜಾವಿನವರೆಗೆ ಹೆಚ್ಚಾಗಿ ಸಂಚರಿಸುವ ಪ್ರಾಣಿ, ಥಟ್ಟನೆ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಕತ್ತಲೆಯಲ್ಲಿ ಬೆಟ್ಟವನ್ನೇರಿ ಸೂರ್ಯೋದಯವನ್ನು ನೋಡುವೆವೆಂಬ ಹುಮ್ಮಸ್ಸು ತರುಣರಲ್ಲಿ ಹೆಚ್ಚುತ್ತಿದೆ. ಕಾಡಿನ ಅಂಚಿನ ಬೆಟ್ಟಗಳಲ್ಲಿ ಇದು ಕೂಡದು.

ರಾಮನಗರದ ರಾಮದೇವರ ಬೆಟ್ಟದ ಮಾತು ಬೇರೆಯೇ. 1975ರಲ್ಲಿ ತೆರೆಕಂಡ ‘ಶೋಲೆ’ ಚಲಚ್ಚಿತ್ರದಿಂದ ಆ ಬಂಡೆಗಳು ದೇಶಕ್ಕೆಲ್ಲ ಪರಿಚಿತವಾದವು. ಆದರೆ ಅವುಗಳ ನಿಜವಾದ ಒಡೆಯರು ರಣಹದ್ದುಗಳು. ನೋವು ಶಮನಕ್ಕೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನ್ಯಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಈ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸಿ, ಭಾರತದಲ್ಲೆಲ್ಲ ಅವುಗಳ ಸಂತತಿಯನ್ನು ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟವು ರಣಹದ್ದುಗಳ ಅಭಯಾರಣ್ಯವೆಂದು ಘೋಷಿತವಾಯಿತು. ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಕಡಿದಾದ ಬಂಡೆಯ ಅಂಚಿನಲ್ಲಿ. ಅದು ಮೊಟ್ಟೆಯಿಟ್ಟು ಮರಿ ಮಾಡುವ ಚಳಿಗಾಲದ ತಿಂಗಳುಗಳೇ ನಾವು ಬೆಟ್ಟ ಹತ್ತಲು ಹಿತವೆಂದು ಹೊರಡುವ ತಿಂಗಳುಗಳು. ಕೆಳಗೆ ಗದ್ದಲವೆದ್ದು ತಾಯಿ ಹಕ್ಕಿ ಗೂಡನ್ನು ಬಿಟ್ಟೆದ್ದರೆ ಆ ವರ್ಷದ ಸಂತಾನವೇ ಹೋಗಬಹುದು. ಅಲ್ಲಿ ಮೆಟ್ಟಿಲುಗಳಿವೆ, ದಾರಿ ತಪ್ಪುವ ಭಯವಿಲ್ಲ. ಆದರೂ ಚಿಕ್ಕ ತಂಡವೂ ತಗ್ಗಿದ ದನಿಯೂ ಬೇಕು. ಬೇಕಾಗಿರುವುದು ನಮಗಾಗಿಯಲ್ಲ, ಆ ಒಂದು ಮೊಟ್ಟೆಗಾಗಿ.

ಉಡಿಗೆ ತೊಡಿಗೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ತಳವು ಸವೆಯದ, ಬಂಡೆಯನ್ನು ಕಚ್ಚಿ ಹಿಡಿಯುವ ಪಾದರಕ್ಷೆ, ತಲೆಗೊಂದು ಟೋಪಿ, ಆಳಿಗೆ ಎರಡು ಮೂರು ಲೀಟರು ನೀರು, ಚಪಾತಿಯೋ ಅವಲಕ್ಕಿಯೋ ಒಂದಿಷ್ಟು, ಎರಡು ಕೈಗಳೂ ಬಿಡುವಾಗಿರುವಂತೆ ಬೆನ್ನಿಗೆ ಹಾಕುವ ಚೀಲ. ಹೊತ್ತು ತಂದ ಕಾಗದದ ಚೂರೂ ಚೀಲದಲ್ಲಿಯೇ ಹಿಂದಿರುಗಬೇಕು.

ಹಣ ಕೊಡುವುದಕ್ಕೆ ಮುಂಚೆ ಮಾರ್ಗದರ್ಶಿಯನ್ನು ಕೆಲವು ಪ್ರಶ್ನೆಗಳನ್ನು ಕೇಳುವುದು ನಿಮ್ಮ ಹಕ್ಕು. ತಂಡದಲ್ಲಿ ಎಷ್ಟು ಮಂದಿ? ಕೊನೆಯಲ್ಲಿ ನಡೆಯುವವರು ಯಾರು? ಅರಣ್ಯ ಇಲಾಖೆಯ ಅನುಮತಿಯಿದೆಯೆ? ಬೆಟ್ಟದ ಬುಡದ ಹಳ್ಳಿಯವರೊಬ್ಬರು ಜೊತೆಯಲ್ಲಿರುವರೆ, ಅವರ ಕೂಲಿ ಅವರಿಗೆ ಸಲ್ಲುವುದೆ? ಮಳೆ ಬಂದರೆ ಏನು ಮಾಡುವಿರಿ? ಕಡೆಯ ಪ್ರಶ್ನೆಗೆ “ಮಳೆಯಲ್ಲಿ ಇನ್ನೂ ಸೊಗಸು” ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿಕೊಳ್ಳಿ. ಬೆಳಗಿನ ನಾಲ್ಕೂವರೆಗೆ ಮನೆಯ ಬಾಗಿಲಲ್ಲಿ ಸಿದ್ಧವಾಗಿರಬೇಕೆಂದು ಆತನು ಹೇಳಿದರೆ ಮಾತ್ರ ಮುಖ ಸಿಂಡರಿಸಬೇಡಿ. ಬೆಳಕು ಹರಿದ ಮೇಲೆ ಹತ್ತತೊಡಗಿ, ಹನ್ನೊಂದು ಗಂಟೆಗೆ ಬಂಡೆಯು ಕಾದು ಬರಿಗೈಯಿಂದ ಮುಟ್ಟಲಾಗದಂತಾಗುವುದರೊಳಗೆ ತಂಡವನ್ನು ಮರಗಳ ನೆರಳಿಗೆ ಇಳಿಸಿಬಿಡಬೇಕೆಂಬುದು ಆತನ ಲೆಕ್ಕ.