ಒಗರಿನ ಪರಿಪಾಕ: ಹಳೆಯ ಕೆಂಪು ದ್ರಾಕ್ಷಾಮದ್ಯದ ರುಚಿನಿರ್ಣಯ

ಕೆಂಪು ದ್ರಾಕ್ಷಾಮದ್ಯಗಳಲ್ಲಿ ಬಹುಪಾಲು ತಯಾರಾದ ಕೆಲವೇ ವರ್ಷಗಳೊಳಗೆ ಕುಡಿಯತಕ್ಕವು. ಹತ್ತಿಪ್ಪತ್ತು ವರ್ಷ ಸೀಸೆಯಲ್ಲಿದ್ದು, ಕೆಡದೆ ಮಾಗಿ ಉತ್ತಮವಾಗುವಂಥವು ವಿರಳ. ಅಂಥದನ್ನು ಪರೀಕ್ಷಿಸುವವನು ಮೊದಲು ಗಮನಿಸಬೇಕಾದುದು ಏನನ್ನು? ಪರಿಮಳವನ್ನು ಎಂದು ಹಲವರು ಹೇಳುವರು. ಒಗರನ್ನು ಎಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಈ ಒಗರಿನ ಪರಿಚಯವಾದರೋ ಚಾಮರಾಜನಗರ, ಗುಂಡ್ಲುಪೇಟೆಗಳ ವಿದ್ಯಾರ್ಥಿಗೆ ದ್ರಾಕ್ಷಿಯ ತೋಟವನ್ನು ಕಾಣುವ ಮೊದಲೇ ಆಗಿರುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಯ ಎರಡು ಪ್ರಭೇದಗಳುಂಟು. ಸೋಲಿಗರು ಅವುಗಳ ಕಾಯನ್ನು ಸಂಗ್ರಹಿಸುತ್ತ ಬಂದಿದ್ದಾರೆ. ನೆಲ್ಲಿಕಾಯನ್ನು ಕಚ್ಚಿದೊಡನೆ ಹುಳಿ ತೋರುವುದು. ಕ್ಷಣ ಕಳೆದು ನಾಲಗೆ ಒರಟಾಗಿ ಒಸಡು ಬಿಗಿದಂತಾಗುವುದು. ಈ ಎರಡನೆಯದೇ ಒಗರು. ಕಾಯಿಯ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿಕೊಳ್ಳುವುದರಿಂದ ಬಾಯಿಯ ಜಾರುತನ ತಗ್ಗುತ್ತದೆ. ಆದಕಾರಣ ಇಂದಿನ ವಿಜ್ಞಾನಿಗಳಲ್ಲಿ ಅನೇಕರು ಒಗರನ್ನು ರುಚಿಯೆನ್ನದೆ ಸ್ಪರ್ಶವೆನ್ನುತ್ತಾರೆ. ಚರಕಸಂಹಿತೆ ಕಷಾಯವನ್ನು ಷಡ್ರಸಗಳಲ್ಲಿ ಎಣಿಸಿದೆಯಾದರೂ, ಅದರ ಲಕ್ಷಣವನ್ನು ಹೇಳುವಾಗ ನಾಲಗೆ ಜಡವಾಗುವುದನ್ನೂ ಗಂಟಲು ಕಟ್ಟಿದಂತಾಗುವುದನ್ನೂ ಹೇಳುತ್ತದೆ. ಇವೆರಡೂ ಸ್ಪರ್ಶದ ಮಾತುಗಳೇ ಎಂಬುದು ಗಮನಾರ್ಹ.

ದ್ರಾಕ್ಷಾಮದ್ಯದ ಒಗರು ಹಣ್ಣಿನ ಸಿಪ್ಪೆ ಬೀಜಗಳಿಂದ ಬರುವುದು. ಓಕ್ ಮರದ ಪೀಪಾಯಿಯಿಂದಲೂ ಸ್ವಲ್ಪ ಇಳಿಯುವುದು. ಓಕ್ ಮರದ ಟ್ಯಾನಿನ್ನೂ ನೆಲ್ಲಿಯ ಟ್ಯಾನಿನ್ನೂ ರಸಾಯನಶಾಸ್ತ್ರದಲ್ಲಿ ಒಂದೇ ವರ್ಗಕ್ಕೆ ಸೇರಿದವು, ಸಿಪ್ಪೆ ಬೀಜಗಳದು ಬೇರೆ ವರ್ಗ. ಹೊಸ ಮದ್ಯದಲ್ಲಿ ಈ ಒಗರು ಬಾಯನ್ನು ಗೀರುವಂತಿರುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್ ಮತ್ತು ಆಂಥೋಸಯನಿನ್ ಎಂಬ ಬಣ್ಣದ ವಸ್ತು ಪರಸ್ಪರ ಬೆಸೆದುಕೊಳ್ಳುತ್ತವೆ. ಸ್ವಲ್ಪ ಭಾಗ ಗಸಿಯಾಗಿ ತಳಕ್ಕಿಳಿಯುತ್ತದೆ. ನೇರಳೆಗೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಒಗರು ಮೃದುವಾಗುತ್ತದೆ. ಗುಂಡ್ಲುಪೇಟೆಯ ತೋಟದ ಬಾಳೆಯಲ್ಲೂ ಇದನ್ನು ಹೋಲುವ ವ್ಯಾಪಾರವೊಂದು ನಡೆಯುತ್ತದೆ: ಕಾಯಿಯಲ್ಲಿ ಕರಗುವ ರೂಪದಲ್ಲಿದ್ದ ಟ್ಯಾನಿನ್ ಹಣ್ಣಾಗುವಾಗ ಕರಗದ ರೂಪ ತಾಳುವುದರಿಂದ ಒಗರು ಅಡಗುವುದು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಬಾಳೆಯ ಒಗರು ಪೂರ್ತಿ ಹೋದರೇ ಹಣ್ಣು ಚೆನ್ನ. ಮದ್ಯದ ಒಗರು ಪೂರ್ತಿ ಹೋದರೆ ಅದರ ಕಾಲ ಮುಗಿದಂತೆ. ಹೀಚು, ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು ಎಂಬ ನಮ್ಮ ಮಾತುಗಳು ಮದ್ಯದ ವಯಸ್ಸನ್ನು ಹೇಳಲು ಸಾಕಷ್ಟು ಸೂಕ್ಷ್ಮವಾಗಿವೆ.

ಹೊಸ ಮದ್ಯ ಗುರು, ದೋಷಕಾರಿ. ಹಳೆಯದು ಲಘು ಎಂದು ಚರಕಸಂಹಿತೆಯಲ್ಲಿದೆ. ಅದು ಮದ್ಯಸಾಮಾನ್ಯವನ್ನು ಕುರಿತ ಮಾತಾದುದರಿಂದ ಅದರಲ್ಲಿ ಟ್ಯಾನಿನ್ನಿನ ರಸಾಯನವನ್ನು ಓದುವುದು ಸಲ್ಲದು.

ಪರೀಕ್ಷೆಯ ಕ್ರಮ ಸರಳವಾದುದು. ಗಸಿ ತಳದಲ್ಲಿ ಕೂಡುವಂತೆ ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿಕೊಳ್ಳಬೇಕು. ಮದ್ಯ 16ರಿಂದ 18 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿರಬೇಕು. ಚಾಮರಾಜನಗರದ ಬೇಸಗೆಯ ಕೋಣೆಯಲ್ಲಿ ಮದ್ಯಸಾರದ ಘಾಟು ಮಿಕ್ಕೆಲ್ಲವನ್ನೂ ಮುಚ್ಚಿಬಿಡುವುದು. ಲೋಟವನ್ನು ಬಿಳಿಯ ಬಟ್ಟೆಯ ಮೇಲೆ ಓರೆಮಾಡಿ ಅಂಚಿನ ಬಣ್ಣ ನೋಡಬೇಕು, ಮೂಸಬೇಕು, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಬೇಕು. ಉಗುಳಿದ ಬಳಿಕ ಒಗರು ಎಷ್ಟು ಹೊತ್ತು ನಿಂತಿತು, ನಿಂತುದು ಒರಟೋ ನವುರೋ, ಅದರೊಡನೆ ಹಣ್ಣಿನ ಸ್ವಾದ ಉಳಿಯಿತೋ ಇಲ್ಲವೋ ಎಂಬುದರಲ್ಲೇ ನಿರ್ಣಯವಿದೆ.

ನಂದಿಬೆಟ್ಟದ ಪ್ರಾಂತದಲ್ಲಿ ಫ್ರೆಂಚ್ ತಳಿಗಳ ದ್ರಾಕ್ಷಿಯಿಂದ ಮದ್ಯ ತಯಾರಿಸುವ ಗ್ರೋವರ್ ಸಂಸ್ಥೆ 1988ರಲ್ಲಿ ಆರಂಭವಾಯಿತು. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಸೇರಿಸಿ ಓಕ್ ಪೀಪಾಯಿಯಲ್ಲಿಡುವ ಅದರ ‘ಲಾ ರಿಸರ್ವ್’ ಪ್ರಸಿದ್ಧವಾಗಿದೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾಮದ್ಯ ನೀತಿಯನ್ನೇ ರೂಪಿಸಿತು. ಆದರೂ ರುಚಿಯ ಪರಿಭಾಷೆ ಮಾತ್ರ ಎರವಲಿನದು. ಬ್ಲ್ಯಾಕ್‌ಕರೆಂಟ್ ಹಣ್ಣನ್ನಾಗಲಿ ಸೀಡರ್ ಮರವನ್ನಾಗಲಿ ಕಂಡರಿಯದವನು ಆ ಹೆಸರುಗಳನ್ನು ಬರೆದರೆ, ಅವನು ಬರೆದುದು ಬೇರೊಬ್ಬನ ನಾಲಗೆಯ ವರದಿ. ರುಚಿಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಒಗರನ್ನು ಗುರುತಿಸುವ ಅಭ್ಯಾಸಕ್ಕೆ ಸ್ಫಟಿಕದ ದ್ರಾವಣವನ್ನು ಕೊಡುವುದುಂಟು. ನಮ್ಮ ವಿದ್ಯಾರ್ಥಿಗಳಿಗೆ ನೆಲ್ಲಿ, ನೇರಳೆ, ಅಡಿಕೆ, ಎಳೆಯ ಬಾಳೆಕಾಯಿ ಈ ನಾಲ್ಕನ್ನು ಬೇರೆಬೇರೆಯಾಗಿ ಕೊಟ್ಟು, ನಡುನಡುವೆ ನೀರಿನಿಂದ ಬಾಯಿ ತೊಳೆಸಿ, ಒಂದೊಂದರ ಒಗರೂ ನಾಲಗೆಯ ಯಾವ ಭಾಗವನ್ನು ಹಿಡಿಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂಬುದನ್ನು ಬರೆಯಿಸಬಹುದು. ಇದಕ್ಕೆ ಮದ್ಯದ ಸೀಸೆಯೂ ಬೇಕಿಲ್ಲ.