ಕಾಡಿನ ಬೆಂಕಿ: ನಿಷೇಧವೊಂದೇ ಮದ್ದೇ?

ಕಾಡಿಗೆ ಬೆಂಕಿ ಬಿದ್ದರೆ ಆರಿಸಬೇಕು, ಹಚ್ಚಿದವರನ್ನು ಶಿಕ್ಷಿಸಬೇಕು. ಬ್ರಿಟಿಷರ ಕಾಲದಿಂದಲೂ ಅರಣ್ಯ ಆಡಳಿತದ ನಿಲುವು ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪ್ರಕಾರ ಬೆಂಕಿಯಲ್ಲೂ ಬಗೆಗಳಿವೆ.

ಬೇಸಿಗೆ ಬಲಿಯುವ ಮೊದಲೇ ಒಣ ಎಲೆ, ಹುಲ್ಲಿಗೆ ಹಚ್ಚುತ್ತಿದ್ದುದು 'ತರಗು ಬೆಂಕಿ'. ಅದು ನೆಲದ ಮೇಲಷ್ಟೇ ಹರಿದು ಆರುತ್ತಿತ್ತು. ಮರದ ನೆತ್ತಿಗೆ ಏರುತ್ತಿರಲಿಲ್ಲ. ಆಮೇಲೆ ಹೊಸ ಹುಲ್ಲು ಚಿಗುರುತ್ತಿತ್ತು. ತರಗು ವರ್ಷಗಟ್ಟಲೆ ಕೂಡಿದ ಮೇಲೆ ಕಡುಬೇಸಿಗೆಯಲ್ಲಿ ಹೊತ್ತುವ ಬೆಂಕಿಯೇ ಬೇರೆ. ಅದು ಮರವನ್ನೂ ಬಿಡದು.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ಅಮೆರಿಕ ಖಂಡದ ಮೂಲದ, ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಪೊದೆ ಕಾಡನ್ನು ಆವರಿಸತೊಡಗಿತು. 1997ರಿಂದ 2008ರವರೆಗಿನ ಅಧ್ಯಯನವೊಂದರಲ್ಲಿ ಲಂಟಾನ ಕಂಡ ಜಾಗಗಳ ಪ್ರಮಾಣ ಸುಮಾರು ಎರಡು ಪಟ್ಟಾಗಿತ್ತು. ನೆಲ್ಲಿ ಮರಗಳಿಗೆ ಹತ್ತುವ ಬಂದಳಿಕೆಯೂ ಬೆಂಕಿ ನಿಂತ ಮೇಲೆಯೇ ಹೆಚ್ಚಿತೆಂಬುದು ಸೋಲಿಗರ ಮಾತು. ಅದನ್ನು ಅವರು 'ಉಪ್ಪಿಲು' ಎನ್ನುತ್ತಾರೆ.

ಹಾಗೆಂದು ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿ ತರುವುದು ಸುಲಭವಲ್ಲ. ಲಂಟಾನ ಹರಡಲು ಬೆಂಕಿಯ ನಿಷೇಧವೊಂದೇ ಕಾರಣವೆಂದು ವಿಜ್ಞಾನಿಗಳೆಲ್ಲ ಒಪ್ಪುವುದಿಲ್ಲ. ಹಕ್ಕಿಗಳೂ ಅದರ ಬೀಜ ಹರಡುತ್ತವೆ. ಮೇಲಾಗಿ ಒಣಗಿದ ಲಂಟಾನವೇ ಒಳ್ಳೆಯ ಉರುವಲು. ಅದು ದಟ್ಟವಾಗಿರುವಲ್ಲಿ ಇಂದು ಕಡ್ಡಿ ಗೀರಿದರೆ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವ ಭರವಸೆಯಿಲ್ಲ.

ಇಂಥ ಕಡೆ ಪರಿಸರ ತಜ್ಞರು ಸೂಚಿಸುವುದು ಹೊಂದಿಕೊಳ್ಳುವ ಆಡಳಿತವನ್ನು. ಇದರಲ್ಲಿ ನಿಯಮವೇ ಕೊನೆಯ ಮಾತಲ್ಲ, ಅದೊಂದು ಊಹೆ. ಸಣ್ಣ ತಾಕುಗಳಲ್ಲಿ ಪೊದೆ ಕಿತ್ತು, ಕೆಲವೆಡೆ ಸುಟ್ಟು, ಕೆಲವೆಡೆ ಸುಡದೆ ಬಿಟ್ಟು ಫಲವನ್ನು ವರ್ಷವರ್ಷ ಅಳೆಯಬೇಕು. ತಪ್ಪೆಂದು ಕಂಡ ನಿಯಮವನ್ನು ತಿದ್ದಬೇಕು. ಕಾಡಿನಲ್ಲಿ ಬದುಕುವವರೂ ಅಧಿಕಾರಿಗಳ ಜೊತೆ ಕೂತು ಅಳೆಯಬೇಕು. ಆಸ್ಟ್ರೇಲಿಯಾದ ಪಶ್ಚಿಮ ಆರ್ನೆಮ್ ಪ್ರದೇಶದಲ್ಲಿ 2006ರಿಂದ ಮೂಲನಿವಾಸಿಗಳೇ ಒಣಹವೆಯ ಆರಂಭದಲ್ಲಿ ಹದವಾಗಿ ಸುಟ್ಟು, ಮುಂದಿನ ಭಾರಿ ಬೆಂಕಿಯನ್ನು ತಗ್ಗಿಸುತ್ತಿದ್ದಾರೆ.

ಬೆಟ್ಟದಲ್ಲಿ ಇದಕ್ಕೆ ಕಾನೂನಿನ ಆಸರೆಯೂ ಇದೆ. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲೇ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ದೊರೆಯಿತು. ಕಾಡನ್ನು ಕಾಪಾಡುವ, ನಿರ್ವಹಿಸುವ ಅಧಿಕಾರವನ್ನು ಈ ಕಾಯ್ದೆ ಮಾನ್ಯ ಮಾಡುತ್ತದೆ. ಬೆಂಕಿಯ ನಿಷೇಧ ಮಾತ್ರ ಇನ್ನೊಂದು ಕಾಯ್ದೆಯಲ್ಲಿ ಹಾಗೆಯೇ ಇದೆ.

ತರಗು ಬೆಂಕಿಯ ಹದ ಬಲ್ಲವರು ವೃದ್ಧರು. ಎರಡು ಕಾಯ್ದೆಗಳು ಒಂದನ್ನೊಂದು ಅರಿಯುವುದು ತಡವಾದಷ್ಟೂ ಲಂಟಾನ ಬೆಳೆಯುತ್ತದೆ, ಆ ತಿಳಿವಳಿಕೆ ಕರಗುತ್ತದೆ.