ಕುಡಿಯುವವರನ್ನು ನೋಡಿ ಹಾಲು

ಮುಂಜಾನೆ ಗದಗ-ಬೆಟಗೇರಿಯ ಓಣಿಗಳಲ್ಲಿ ಎರಡು ಬಗೆಯ ಹಾಲು ಬಾಗಿಲಿಗೆ ಬರುತ್ತದೆ: ಗೌಳಿಗರ ಕ್ಯಾನಿನ ಎಮ್ಮೆಯ ಹಾಲು, ನಂದಿನಿಯ ಪ್ಯಾಕೆಟ್ ಹಾಲು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಮನೆಯ ಆಕಳು, ಎಮ್ಮೆ, ಆಡುಗಳ ಹಾಲೂ ಉಂಟು. ಇವುಗಳಲ್ಲಿ ಯಾವುದು ಉತ್ತಮವೆಂದು ಸದ್ಭಕ್ತರು ಮೇಲಿಂದ ಮೇಲೆ ನಮ್ಮನ್ನು ಕೇಳುತ್ತಾರೆ. ಇತ್ತೀಚೆಗೆ ಮುಂಡರಗಿ ಕಡೆಯ ಅಜ್ಜಿಯೊಬ್ಬರು, ಏಳು ತಿಂಗಳ ಮೊಮ್ಮಗನಿಗೆ ಆಡಿನ ಹಾಲು ಕುಡಿಸಬಹುದೇ ಎಂದು ಕೇಳಿದರು. ಹಾಲಿನ ಆಯ್ಕೆ ತಪ್ಪಿದಾಗ ಎಲ್ಲರಿಗಿಂತ ಹೆಚ್ಚು ಬಾಧೆ ಕೂಸಿಗೇ ಆಗುವುದರಿಂದ ಆ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ.

ವರ್ಷ ತುಂಬುವವರೆಗೆ ಯಾವ ಪ್ರಾಣಿಯ ಹಾಲೂ ತಾಯಿಯ ಹಾಲಿಗೆ ಬದಲಿಯಾಗದು. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಅನಂತರ ಅದರೊಡನೆ ಮೆತ್ತಗೆ ನುರಿದ ಅನ್ನ, ಬೇಳೆ, ಗಂಜಿ ಕೊಡಬೇಕು. ಪ್ರಾಣಿಗಳ ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಅದರ ಪ್ರೋಟೀನು, ಲವಣಗಳು ಎಳೆಯ ಮೂತ್ರಪಿಂಡಗಳಿಗೆ ಭಾರ. ಆಡಿನ ಹಾಲು ಹಗುರವೆಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ ರಕ್ತ ಕೂಡಲು ಬೇಕಾದ ಫೋಲೇಟ್ ಅದರಲ್ಲಿ ಅತ್ಯಲ್ಪವಾಗಿದ್ದು, ಅದನ್ನೇ ನೆಚ್ಚಿದ ಕೂಸು ರಕ್ತಹೀನತೆಗೆ ಗುರಿಯಾಗುತ್ತದೆ. ನೀರು ಬೆರೆಸಿದರೆ ಭಾರದೊಡನೆ ಪುಷ್ಟಿಯೂ ಇಳಿಯುತ್ತದೆ. ಎದೆಹಾಲು ಸಾಲದಿದ್ದರೆ ವೈದ್ಯರನ್ನೇ ಕೇಳಬೇಕು.

ದೊಡ್ಡವರ ಮಾತು ಬೇರೆ. ಎಮ್ಮೆಯ ಹಾಲಿನಲ್ಲಿ ಶೇ. 6ರಿಂದ 7ರಷ್ಟು ಕೊಬ್ಬು. ಆಕಳ ಹಾಲಿನಲ್ಲಿ ಸುಮಾರು ಶೇ. 4. ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ಎಮ್ಮೆಯ ಹಾಲು ತಕ್ಕುದೇ. ಅದೇ ಹಾಲನ್ನು ಅಂಗಡಿಯ ಗಲ್ಲೆಯ ಮುಂದೆ ಕುಳಿತೇ ದಿನ ಕಳೆಯುವ, ಹೃದಯದ ತೊಂದರೆಯುಳ್ಳ ಅವನ ಅಣ್ಣನೂ ಕೆನೆಸಹಿತ ಕುಡಿಯುವುದು ವಿವೇಕವಲ್ಲ. ಹಾಗೆಂದು ವರ್ತನೆ ಬಿಡಬೇಕಿಲ್ಲ. ಕಾಯಿಸಿ ಆರಿಸಿ ಕೆನೆ ತೆಗೆಯುವುದನ್ನು ಎರಡು ಸಲ ಮಾಡಿದರೆ ಕೊಬ್ಬು ಬಹುಪಾಲು ತಗ್ಗುತ್ತದೆ. ಸುಣ್ಣದಂಶ, ಪ್ರೋಟೀನು ಉಳಿಯುತ್ತವೆ.

ಟೋನ್ಡ್ ಹಾಲೆಂದರೆ ನೀರು ಹಾಕಿದ ಹಾಲೆಂದು ಹಲವರು ಮೂಗು ಮುರಿಯುತ್ತಾರೆ. ಇದು ನಮ್ಮ ದೇಶದಲ್ಲೇ, 1946ರಲ್ಲಿ ಮುಂಬಯಿಯಲ್ಲಿ, ಎಮ್ಮೆಯ ಹಾಲಿಗೆಂದೇ ಕಂಡುಕೊಂಡ ಕ್ರಮ. ನೀರಿನೊಡನೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ಸೇರಿಸುವುದರಿಂದ ಕೊಬ್ಬು ಮಾತ್ರ ಇಳಿಯುತ್ತದೆ. ಬರೀ ನೀರು ಬೆರೆತ ಹಾಲಿನಲ್ಲಿ ಎಲ್ಲವೂ ಇಳಿಯುತ್ತದೆ. ಪ್ಯಾಕೆಟ್ಟಿನ ಮೇಲಿನ ಅಂಕಿಗಳನ್ನು ಓದಿರಿ: ಟೋನ್ಡ್ ಹಾಲಿಗೆ ಶೇ. 3, ಡಬಲ್ ಟೋನ್ಡ್‌ಗೆ 1.5, ಸ್ಟ್ಯಾಂಡರ್ಡೈಸ್ಡ್‌ಗೆ 4.5, ಫುಲ್ ಕ್ರೀಮ್‌ಗೆ 6ರಷ್ಟು ಕೊಬ್ಬು ಇರಬೇಕೆಂಬುದು ನಿಯಮ. ಎರಡು ವರ್ಷದೊಳಗಿನ ಮಕ್ಕಳಿಗೆ ಡಬಲ್ ಟೋನ್ಡ್ ಬೇಡ.

ಎ2 ಎಂಬ ಹೆಸರಿನ ದುಬಾರಿ ಹಾಲಿನ ಬಗೆಗೂ ಕೇಳುತ್ತಾರೆ. ನಮ್ಮ ಜವಾರಿ ಆಕಳು, ಎಮ್ಮೆಗಳ ಹಾಲು ಬಹುಮಟ್ಟಿಗೆ ಎ2ವೇ ಆಗಿರುವಾಗ ಆ ಹೆಸರಿಗಾಗಿ ಹೆಚ್ಚು ಹಣ ಏಕೆ? ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು, ಮಜ್ಜಿಗೆ ಲೇಸು.

ಹಾಲು ಯಾವುದೇ ಇರಲಿ, ಕರೆದ ಹಸಿ ಹಾಲನ್ನು ಹಾಗೆಯೇ ಕುಡಿಯುವ ರೂಢಿಯನ್ನು ಮಾತ್ರ ನಾವು ಒಪ್ಪಲಾರೆವು. ದನ, ಎಮ್ಮೆ, ಕುರಿ, ಆಡುಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗ ಹಸಿ ಹಾಲಿನ ಮೂಲಕ ಮನುಷ್ಯರಿಗೂ ಬರುತ್ತದೆ. ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಕೀಲುನೋವು ವಾರಗಟ್ಟಲೆ ಕಾಡಿದರೆ, ಮನೆಯಲ್ಲಿ ದನಕರುಗಳಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಾಲು ಉಕ್ಕಿ ಬರುವವರೆಗೆ ಕಾಯಿಸಿದರೆ ಈ ರೋಗಾಣು ಸಾಯುತ್ತದೆ.

ಅಜ್ಜಿ ಇದನ್ನೆಲ್ಲ ಕೇಳಿ, “ಹಂಗಾರ ಆಡಿನ ಹಾಲು ನಮ್ಮ ಚಹಾಕ್ಕ ಆತು ಬಿಡ್ರಿ” ಎಂದರು. ಚೆನ್ನಾಗಿ ಕುದಿಸಿ ಎಂದೆವು.